ದತ್ತು ಸ್ವೀಕಾರ: ಕ್ರೈಸ್ತ ಕುಟುಂಬಗಳೂ ಧರ್ಮಕೇಂದ್ರದ ಸೇವಕರೂ ತಿಳಿದಿರಬೇಕಾದ ವಿಷಯಗಳು

ಮದುವೆಯಾಗಿ ಹಲವು ವರ್ಷ ಕಳೆದರೂ ಮಕ್ಕಳ ಭಾಗ್ಯವಿಲ್ಲದ ದಂಪತಿಗಳು ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಅನೇಕರಿದ್ದಾರೆ. ಆಸ್ಪತ್ರೆ, ಚಿಕಿತ್ಸೆ, ಹರಕೆ ಎಲ್ಲವೂ ಆದ ಮೇಲೆ ಮಗುವೊಂದನ್ನು ದತ್ತು ಪಡೆಯೋಣ ಎಂಬ ಯೋಚನೆ ಬಂದಾಗ ಇವರು ಮೊದಲು ಹೋಗುವುದು ತಮ್ಮ ಚರ್ಚಿನ ಧರ್ಮಗುರುಗಳ ಬಳಿಗೆ ಅಥವಾ ಪರಿಚಯದ ಧರ್ಮಭಗಿನಿಯರ ಬಳಿಗೆ. "ಫಾದರ್, ಎಲ್ಲಿಯಾದರೂ ಒಂದು ಮಗು ಸಿಕ್ಕೀತೇ?" ಎಂಬುದೇ ಅವರ ಪ್ರಶ್ನೆ.

ಈ ಪ್ರಶ್ನೆಗೆ ಇಂದು ಉತ್ತರ ಸ್ಪಷ್ಟವಾಗಿದೆ. ಧರ್ಮಗುರುಗಳಾಗಲಿ, ಸಿಸ್ಟರ್‌ಗಳಾಗಲಿ, ಆಸ್ಪತ್ರೆಯ ದಾದಿಯಾಗಲಿ, ವಕೀಲರಾಗಲಿ ಯಾರಿಗೂ ಮಗುವನ್ನು ಕೈಯಿಂದ ಕೈಗೆ ಕೊಡಿಸುವ ಅಧಿಕಾರವಿಲ್ಲ. ಮಗು ನಮ್ಮದಾಗುವುದು ಸರಕಾರದ ನಿಯಮದಂತೆ ನಡೆದು, ಜಿಲ್ಲಾಧಿಕಾರಿಗಳ ದತ್ತು ಆದೇಶ ಕೈಸೇರಿದಾಗ ಮಾತ್ರ. ದಾರಿ ದೀರ್ಘವಾದುದು, ಕಾಯುವಿಕೆ ಕಷ್ಟದ್ದು. ಆದರೆ ಅಡ್ಡದಾರಿ ಹಿಡಿದರೆ ಅದರ ಬೆಲೆ ತೆರಬೇಕಾದುದು ಮಗುವೇ. ಆದುದರಿಂದ ಈ ಪ್ರಕ್ರಿಯೆಯನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ನಾವು ಸರಳವಾಗಿ ವಿವರಿಸಿದ್ದೇವೆ.

ಕ್ರೈಸ್ತರಿಗೆ ದತ್ತು ಹಕ್ಕು ಬಂದ ಬಗೆ

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ಹಿಂದೂ, ಬೌದ್ಧ, ಜೈನ ಮತ್ತು ಸಿಖ್ಖರಿಗೆ ಮಾತ್ರ ಅನ್ವಯಿಸುತ್ತದೆ. ಕ್ರೈಸ್ತರಿಗಾಗಿ ಅಂತಹ ಪ್ರತ್ಯೇಕ ದತ್ತು ಕಾಯಿದೆ ಇರಲಿಲ್ಲ. ಮಗುವನ್ನು ಸಾಕಬಯಸುವ ಕ್ರೈಸ್ತ ದಂಪತಿಗಳು 1890ರ ಪೋಷಕರು ಮತ್ತು ಪಾಲ್ಯರ ಕಾಯಿದೆಯಡಿ ನ್ಯಾಯಾಲಯದಿಂದ ಪೋಷಕತ್ವ ಪಡೆಯಬೇಕಾಗಿತ್ತು. ಹೀಗೆ ಬಂದ ಮಗು ಕಾನೂನಿನ ದೃಷ್ಟಿಯಲ್ಲಿ ಮಗನೋ ಮಗಳೋ ಆಗುತ್ತಿರಲಿಲ್ಲ. ಪ್ರಾಯಕ್ಕೆ ಬಂದೊಡನೆ ಪೋಷಕತ್ವ ಮುಗಿಯುತ್ತಿತ್ತು. ತಂದೆತಾಯಿ ಉಯಿಲು ಬರೆಯದೆ ತೀರಿಕೊಂಡರೆ ಆಸ್ತಿಯಲ್ಲಿ ಮಗುವಿಗೆ ತಾನಾಗಿಯೇ ಪಾಲು ಬರುತ್ತಿರಲಿಲ್ಲ.

ಬದಲಾವಣೆ ಹಂತ ಹಂತವಾಗಿ ಬಂತು. ವಿದೇಶಗಳಿಗೆ ಮಕ್ಕಳನ್ನು ದತ್ತು ಕೊಡುವುದರಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ ಲಕ್ಷ್ಮೀಕಾಂತ್ ಪಾಂಡೆ ಎಂಬ ವಕೀಲರು ಬರೆದ ಪತ್ರವನ್ನು ಅರ್ಜಿಯಾಗಿ ಪರಿಗಣಿಸಿದ ಸುಪ್ರೀಂ ಕೋರ್ಟ್ 1984ರಲ್ಲಿ ಮಾರ್ಗಸೂಚಿ ನೀಡಿತು. ಅದರ ಫಲವಾಗಿ 1990ರಲ್ಲಿ ಈಗ 'ಕಾರಾ' ಎಂದು ಕರೆಯಲ್ಪಡುವ ಕೇಂದ್ರ ಸಂಸ್ಥೆ ಹುಟ್ಟಿಕೊಂಡಿತು. 2000ದ ಬಾಲನ್ಯಾಯ ಕಾಯಿದೆ ಮತ್ತು ಅದಕ್ಕೆ 2006ರಲ್ಲಿ ಆದ ತಿದ್ದುಪಡಿಯು ಧರ್ಮಭೇದವಿಲ್ಲದೆ ಎಲ್ಲರಿಗೂ ದತ್ತು ಪಡೆಯುವ ಅವಕಾಶ ತೆರೆಯಿತು. 2014ರ ಫೆಬ್ರವರಿಯಲ್ಲಿ ಶಬ್ನಮ್ ಹಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಯಾವ ಧರ್ಮದವರೇ ಆದರೂ ಈ ಕಾಯಿದೆಯಡಿ ದತ್ತು ಪಡೆಯಬಹುದು ಎಂದು ಖಚಿತವಾಗಿ ಹೇಳಿತು. ಈಗ ಜಾರಿಯಲ್ಲಿರುವುದು 2015ರ ಬಾಲನ್ಯಾಯ ಕಾಯಿದೆ ಮತ್ತು 2022ರ ದತ್ತು ನಿಯಮಗಳು.

ಇದರಿಂದ ನಾವು ಅರಿಯಬೇಕಾದ ಮುಖ್ಯ ವಿಷಯವೊಂದಿದೆ. ಛಾಪಾ ಕಾಗದದ ಮೇಲೆ ಬರೆಸಿ ನೋಟರಿ ಸಹಿ ಹಾಕಿಸಿದ 'ದತ್ತು ಪತ್ರ' ಕ್ರೈಸ್ತ ಕುಟುಂಬಕ್ಕೆ ಯಾವ ಹಕ್ಕನ್ನೂ ಕೊಡುವುದಿಲ್ಲ. ಹಿಂದೂ ಕಾಯಿದೆಯಂತೆ ಪತ್ರ ನೋಂದಾಯಿಸಿಕೊಂಡ ನೆರೆಮನೆಯವರ ಉದಾಹರಣೆ ನಮಗೆ ಅನ್ವಯಿಸದು.

ಯಾವ ಕಚೇರಿ, ಏನು ಕೆಲಸ?

ಅರ್ಜಿ ಹಾಕುವ ಮುನ್ನ ಈ ಹೆಸರುಗಳ ಪರಿಚಯ ಇದ್ದರೆ ಅಲೆದಾಟ ತಪ್ಪುತ್ತದೆ.

ಕಾರಾ: ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ. ದೆಹಲಿಯಲ್ಲಿದೆ. ಇಡೀ ದೇಶದ ದತ್ತು ವ್ಯವಸ್ಥೆ ಇದರ ಅಧೀನ. ಇದರ ಆನ್‌ಲೈನ್ ನೋಂದಣಿ ವ್ಯವಸ್ಥೆಗೆ 'ಕೇರಿಂಗ್ಸ್' ಎಂದು ಹೆಸರು.

ಮಕ್ಕಳ ಕಲ್ಯಾಣ ಸಮಿತಿ: ಪ್ರತಿ ಜಿಲ್ಲೆಯಲ್ಲಿರುತ್ತದೆ. ಮಗುವೊಂದು ದತ್ತು ಕೊಡಲು ಕಾನೂನುಬದ್ಧವಾಗಿ ಮುಕ್ತವಾಗಿದೆ ಎಂದು ಘೋಷಿಸುವುದು ಈ ಸಮಿತಿಯ ಕೆಲಸ.

ಜಿಲ್ಲಾ ಮಕ್ಕಳ ರಕ್ಷಣಾ ಘಟಕ: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಡಿಯಲ್ಲಿದೆ. ಸಂದೇಹಗಳಿದ್ದರೆ ಮೊದಲು ಕೇಳಬೇಕಾದುದು ಇಲ್ಲಿ. ಕಂಪ್ಯೂಟರ್ ಬಳಕೆ ತಿಳಿಯದವರು ನೋಂದಣಿಗೂ ಇಲ್ಲಿ ನೆರವು ಕೇಳಬಹುದು.

ವಿಶೇಷ ದತ್ತು ಸಂಸ್ಥೆ: ಮಕ್ಕಳನ್ನು ಸಾಕಿ ದತ್ತು ಕೊಡಲು ಸರಕಾರದ ಮಾನ್ಯತೆ ಪಡೆದ ಕೇಂದ್ರ. ಅನಾಥಾಲಯಗಳೆಲ್ಲವೂ ದತ್ತು ಸಂಸ್ಥೆಗಳಲ್ಲ ಎಂಬುದನ್ನು ಗಮನಿಸಬೇಕು. ಬೋರ್ಡಿಂಗ್ ಅಥವಾ ಬಾಲಭವನ ನಡೆಸುವ ಕಾನ್ವೆಂಟಿಗೆ ಈ ಮಾನ್ಯತೆ ಇಲ್ಲದಿದ್ದರೆ ಅಲ್ಲಿಂದ ಮಗುವನ್ನು ದತ್ತು ಪಡೆಯಲಾಗದು.

ಜಿಲ್ಲಾಧಿಕಾರಿ: ಮೊದಲು ದತ್ತು ಆದೇಶವನ್ನು ನ್ಯಾಯಾಲಯ ನೀಡುತ್ತಿತ್ತು. 2021ರ ತಿದ್ದುಪಡಿ ಕಾಯಿದೆ 2022ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಮೇಲೆ ಈ ಅಧಿಕಾರ ಜಿಲ್ಲಾಧಿಕಾರಿಗಳಿಗೆ ಬಂದಿದೆ.

ಯಾವ ಮಗು ದತ್ತಿಗೆ ಅರ್ಹ?

ತಂದೆತಾಯಿ ಇಲ್ಲದ, ತೊರೆದುಹೋದ ಅಥವಾ ತಂದೆತಾಯಿಯೇ ಸಮಿತಿಗೆ ಒಪ್ಪಿಸಿದ ಮಗುವನ್ನು ದತ್ತು ಕೊಡಬಹುದು. ಒಪ್ಪಿಸಿದ ತಾಯಿಗೆ ತನ್ನ ನಿರ್ಧಾರವನ್ನು ಮರುಯೋಚಿಸಲು ಎರಡು ತಿಂಗಳ ಕಾಲಾವಕಾಶವಿದೆ. ತೊರೆದುಹೋದ ಮಗುವಾದರೆ ಹೆತ್ತವರನ್ನು ಹುಡುಕುವ ಪ್ರಯತ್ನ ನಡೆಯಬೇಕು. ಆ ಬಳಿಕ ಎರಡು ವರ್ಷದವರೆಗಿನ ಮಗುವನ್ನು ಎರಡು ತಿಂಗಳೊಳಗೆ, ಅದಕ್ಕೆ ಮೇಲ್ಪಟ್ಟ ಮಗುವನ್ನು ನಾಲ್ಕು ತಿಂಗಳೊಳಗೆ ಸಮಿತಿಯು ಮುಕ್ತವೆಂದು ಘೋಷಿಸಬೇಕೆಂದು ಕಾನೂನು ಹೇಳುತ್ತದೆ. "ಆಶ್ರಮದಲ್ಲಿ ಅಷ್ಟು ಮಕ್ಕಳಿದ್ದಾರೆ, ನಮಗೊಂದು ಕೊಡಬಾರದೇ?" ಎಂದು ಕೇಳುವವರು ಇದನ್ನು ತಿಳಿಯಬೇಕು. ಅಲ್ಲಿರುವ ಬಹುತೇಕ ಮಕ್ಕಳಿಗೆ ತಾಯಿಯೋ ತಂದೆಯೋ ಅಜ್ಜಿಯೋ ಇರುತ್ತಾರೆ. ಬಡತನ ಅಥವಾ ಕಾಯಿಲೆಯ ಕಾರಣ ಅವರನ್ನು ಅಲ್ಲಿ ಬಿಟ್ಟಿರುತ್ತಾರೆ.

ಯಾರು ದತ್ತು ಪಡೆಯಬಹುದು?

ದೈಹಿಕ, ಮಾನಸಿಕ ಮತ್ತು ಆರ್ಥಿಕವಾಗಿ ಮಗುವನ್ನು ಸಾಕಲು ಶಕ್ತರಾದ, ಪ್ರಾಣಾಂತಿಕ ಕಾಯಿಲೆ ಇಲ್ಲದ ಯಾರೂ ಅರ್ಜಿ ಸಲ್ಲಿಸಬಹುದು. ಸ್ವಂತ ಮಗುವಿದ್ದರೂ ಅಡ್ಡಿಯಿಲ್ಲ. ಇತರ ನಿಯಮಗಳು ಹೀಗಿವೆ:

- ದಂಪತಿಗಳಾದರೆ ಇಬ್ಬರ ಒಪ್ಪಿಗೆಯೂ ಬೇಕು. ಕನಿಷ್ಠ ಎರಡು ವರ್ಷಗಳ ಸ್ಥಿರ ದಾಂಪತ್ಯವಿರಬೇಕು.
- ಅವಿವಾಹಿತೆ, ವಿಧವೆ ಅಥವಾ ವಿಚ್ಛೇದಿತೆಯಾದ ಒಂಟಿ ಮಹಿಳೆ ಗಂಡು, ಹೆಣ್ಣು ಯಾವ ಮಗುವನ್ನಾದರೂ ದತ್ತು ಪಡೆಯಬಹುದು. ಒಂಟಿ ಪುರುಷನಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ.
- ಮಗುವಿಗೂ ದತ್ತು ಪಡೆಯುವವರಿಗೂ ಕನಿಷ್ಠ 25 ವರ್ಷಗಳ ಅಂತರವಿರಬೇಕು.
- ಈಗಾಗಲೇ ಎರಡು ಅಥವಾ ಹೆಚ್ಚು ಮಕ್ಕಳಿರುವ ದಂಪತಿಗಳನ್ನು ವಿಶೇಷ ಅಗತ್ಯವುಳ್ಳ ಅಥವಾ ಸುಲಭವಾಗಿ ಮನೆ ಸಿಗದ ಮಕ್ಕಳಿಗೆ ಮಾತ್ರ ಪರಿಗಣಿಸಲಾಗುತ್ತದೆ. ಸಂಬಂಧಿಕರ ಮಗು ಮತ್ತು ಮಲಮಗುವಿನ ವಿಷಯದಲ್ಲಿ ಈ ಮಿತಿ ಇಲ್ಲ.

ಪ್ರಾಯದ ಮಿತಿಯನ್ನು ದಂಪತಿಗಳಿಬ್ಬರ ವಯಸ್ಸನ್ನು ಕೂಡಿಸಿ ಲೆಕ್ಕ ಹಾಕುತ್ತಾರೆ. ಎರಡು ವರ್ಷದವರೆಗಿನ ಮಗುವಿಗೆ ಒಟ್ಟು 85, ಎರಡರಿಂದ ನಾಲ್ಕು ವರ್ಷದ ಮಗುವಿಗೆ 90, ನಾಲ್ಕರಿಂದ ಎಂಟು ವರ್ಷದ ಮಗುವಿಗೆ 100, ಎಂಟರಿಂದ ಹದಿನೆಂಟರವರೆಗೆ 110 ವರ್ಷ. ಒಂಟಿಯಾಗಿ ದತ್ತು ಪಡೆಯುವವರಿಗೆ ಇದೇ ಕ್ರಮದಲ್ಲಿ 40, 45, 50 ಮತ್ತು 55 ವರ್ಷ. ಉದಾಹರಣೆಗೆ ಗಂಡನಿಗೆ 46, ಹೆಂಡತಿಗೆ 41 ಆದರೆ ಒಟ್ಟು 87. ಅವರಿಗೆ ಎಳೆಗೂಸು ಸಿಗದು, ಎರಡು ವರ್ಷ ದಾಟಿದ ಮಗು ಸಿಗಬಹುದು. ನಮ್ಮಲ್ಲಿ ಮದುವೆಯೇ ತಡವಾಗಿ, ಆ ಬಳಿಕ ಹತ್ತು ವರ್ಷ ಚಿಕಿತ್ಸೆಯಲ್ಲಿ ಕಳೆದು, ಕೊನೆಗೆ ದತ್ತಿನ ವಿಚಾರಕ್ಕೆ ಬರುವವರೇ ಹೆಚ್ಚು. ಮನಸ್ಸಿದ್ದರೆ ಮುಂದೂಡದಿರುವುದು ಒಳ್ಳೆಯದು.

ನೋಂದಣಿಯಿಂದ ಆದೇಶದವರೆಗೆ

1. ನೋಂದಣಿ: ಕಾರಾ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಿ, 30 ದಿನಗಳೊಳಗೆ ದಾಖಲೆಗಳನ್ನು ಅಪ್‌ಲೋಡ್ ಮಾಡಬೇಕು. ಮಗುವಿನ ಪ್ರಾಯ, ಲಿಂಗ, ಆರೋಗ್ಯ ಸ್ಥಿತಿ ಮತ್ತು ರಾಜ್ಯದ ಬಗ್ಗೆ ನಿಮ್ಮ ಆಯ್ಕೆಯನ್ನು ಇಲ್ಲೇ ತಿಳಿಸಬೇಕು. ಜಾತಿ, ಧರ್ಮ, ಬಣ್ಣ ಕೇಳುವ ಅವಕಾಶವಿಲ್ಲ.

2. ದಾಖಲೆಗಳು: ಕುಟುಂಬದ ಫೋಟೋ, ಪಾನ್ ಕಾರ್ಡ್, ಜನನ ದಿನಾಂಕದ ದಾಖಲೆ, ವಿಳಾಸದ ದಾಖಲೆ, ಹಿಂದಿನ ವರ್ಷದ ಆದಾಯದ ದಾಖಲೆ, ಮಾರಕ ಅಥವಾ ಅಂಟುರೋಗವಿಲ್ಲವೆಂಬ ವೈದ್ಯರ ಪ್ರಮಾಣಪತ್ರ, ವಿವಾಹ ಪ್ರಮಾಣಪತ್ರ (ವಿಧವೆ ಅಥವಾ ವಿಧುರರಾದರೆ ಮರಣ ಪ್ರಮಾಣಪತ್ರ, ವಿಚ್ಛೇದಿತರಾದರೆ ನ್ಯಾಯಾಲಯದ ಆದೇಶ), ಪರಿಚಿತರ ಅಥವಾ ಸಂಬಂಧಿಕರ ಎರಡು ಶಿಫಾರಸು ಪತ್ರ. ಮನೆಯಲ್ಲಿ ಐದು ವರ್ಷ ಮೀರಿದ ಮಕ್ಕಳಿದ್ದರೆ ಅವರ ಒಪ್ಪಿಗೆಯೂ ಬೇಕು.

ಇಲ್ಲಿ ನಮ್ಮವರಿಗೆ ಎದುರಾಗುವ ದೊಡ್ಡ ತೊಡಕು ಹೆಸರಿನದು. ಚರ್ಚಿನ ಪುಸ್ತಕದಲ್ಲಿ ಒಂದು ಹೆಸರು, ಶಾಲೆಯ ಸರ್ಟಿಫಿಕೇಟಿನಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು ಇರುವುದು ಸಾಮಾನ್ಯ. ಡಿಸೋಜ, ಡಿಸೋಜಾ, ಡಿ'ಸೋಜ ಎಂದು ಒಬ್ಬರದೇ ಹೆಸರು ಮೂರು ರೀತಿ ಇರುತ್ತದೆ. ಮದುವೆಯ ನಂತರ ಹೆಂಡತಿಯ ಅಡ್ಡಹೆಸರು ಬದಲಾಗಿದ್ದರೆ ಇನ್ನಷ್ಟು ಗೊಂದಲ. ನೋಂದಣಿಗೆ ಮೊದಲೇ ಎಲ್ಲ ದಾಖಲೆಗಳಲ್ಲಿ ಹೆಸರು ಒಂದೇ ರೀತಿ ಇರುವಂತೆ ಸರಿಪಡಿಸಿಕೊಂಡರೆ ತಿಂಗಳುಗಟ್ಟಲೆ ಸಮಯ ಉಳಿಯುತ್ತದೆ.

3. ಗೃಹ ಅಧ್ಯಯನ: ದತ್ತು ಸಂಸ್ಥೆಯ ಅಥವಾ ಮಕ್ಕಳ ರಕ್ಷಣಾ ಘಟಕದ ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ತಯಾರಿಸುತ್ತಾರೆ. ದಾಖಲೆ ಸಲ್ಲಿಸಿದ 60 ದಿನಗಳೊಳಗೆ ಇದು ಮುಗಿಯಬೇಕು. ವರದಿ ಮೂರು ವರ್ಷ ಊರ್ಜಿತ. ಇದನ್ನು ಪರೀಕ್ಷೆ ಎಂದು ತಿಳಿದು ಹೆದರಬೇಕಾಗಿಲ್ಲ. ತಾರಸಿ ಮನೆ, ಕಾರು ಬೇಕೆಂದಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಸಮಾನ ಮನಸ್ಸಿದೆಯೇ, ಮನೆಯ ಹಿರಿಯರು ಮಗುವನ್ನು ಸ್ವೀಕರಿಸುವರೇ, ಚಿಕಿತ್ಸೆಯ ನಿರಾಶೆಯಿಂದ ಹೊರಬಂದಿದ್ದಾರೆಯೇ, ದತ್ತಿನ ವಿಷಯವನ್ನು ಮಗುವಿಗೆ ಹೇಳುವರೇ ಎಂಬುದನ್ನು ಅವರು ಮಾತನಾಡಿ ತಿಳಿಯುತ್ತಾರೆ. ಸತ್ಯವನ್ನೇ ಹೇಳಿ. ಅತ್ತೆ ಮಾವನಿಗೆ ಮನಸ್ಸಿಲ್ಲದಿದ್ದರೆ ಆ ಮಾತು ಈಗಲೇ ಹೊರಬರುವುದು ಲೇಸು.

4. ಮಗುವಿನ ಆಯ್ಕೆ: ಸರದಿ ಬಂದಾಗ ಮಗುವಿನ ಫೋಟೋ, ಅಧ್ಯಯನ ವರದಿ ಮತ್ತು ವೈದ್ಯಕೀಯ ವರದಿಯನ್ನು ಆನ್‌ಲೈನ್‌ನಲ್ಲಿ ಕಳುಹಿಸುತ್ತಾರೆ. 48 ಗಂಟೆಗಳೊಳಗೆ ಆ ಮಗುವನ್ನು ಕಾದಿರಿಸಬೇಕು. ಬಳಿಕ ದತ್ತು ಸಂಸ್ಥೆಗೆ ಹೋಗಿ ಮಗುವನ್ನು ನೋಡಿ, ಬೇಕಾದರೆ ನಿಮ್ಮ ನಂಬಿಕೆಯ ವೈದ್ಯರಿಂದ ವರದಿ ಪರಿಶೀಲಿಸಿ ತೀರ್ಮಾನಿಸಬಹುದು. ಕಾದಿರಿಸಿದ 30 ದಿನಗಳೊಳಗೆ ಈ ಹಂತ ಮುಗಿಯಬೇಕು. ಹೀಗೆ ಮೂರು ಅವಕಾಶಗಳು ಸಿಗುತ್ತವೆ. ಮೂರನ್ನೂ ಕೈಬಿಟ್ಟರೆ ಒಂದು ವರ್ಷ ಅವಕಾಶವಿರುವುದಿಲ್ಲ. ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆ ಬದಲಾಗಿದ್ದರೆ ಕೂಡಲೇ ತಿಳಿಸಿರಬೇಕು. ವರ್ಷಗಟ್ಟಲೆ ಕಾದ ಅವಕಾಶ ಹಳೆಯ ನಂಬರಿನಿಂದಾಗಿ ಕೈತಪ್ಪಬಾರದು.

5. ದತ್ತು ಪೂರ್ವ ಪೋಷಣೆ: ಒಪ್ಪಿಗೆಯಾದ ಬಳಿಕ ಆದೇಶ ಬರುವ ಮೊದಲೇ ಮಗುವನ್ನು ಮನೆಗೆ ಕೊಡುತ್ತಾರೆ. ಈ ಅವಧಿಯಲ್ಲಿ ಮಗು ನಿಮ್ಮ ಮಡಿಲಲ್ಲಿದ್ದರೂ ಕಾನೂನಿನಲ್ಲಿ ಇನ್ನೂ ನಿಮ್ಮದಾಗಿಲ್ಲ.

6. ಜಿಲ್ಲಾಧಿಕಾರಿಗಳ ಆದೇಶ: ದತ್ತು ಸಂಸ್ಥೆಯೇ ಕಡತ ತಯಾರಿಸಿ ಮಕ್ಕಳ ರಕ್ಷಣಾ ಘಟಕದ ಮೂಲಕ ತನ್ನ ಜಿಲ್ಲೆಯ ಜಿಲ್ಲಾಧಿಕಾರಿಗಳಿಗೆ ಸಲ್ಲಿಸುತ್ತದೆ. ನೀವು ವಕೀಲರನ್ನು ನೇಮಿಸಬೇಕಾಗಿಲ್ಲ. ವಿಚಾರಣೆ ಗುಪ್ತವಾಗಿ ನಡೆಯುತ್ತದೆ. ಎರಡು ತಿಂಗಳೊಳಗೆ ತೀರ್ಮಾನವಾಗಬೇಕು. ಆದೇಶದಿಂದ ಬಾಧಿತರಾದವರು 30 ದಿನಗಳೊಳಗೆ ವಿಭಾಗೀಯ ಆಯುಕ್ತರಿಗೆ ಮೇಲ್ಮನವಿ ಸಲ್ಲಿಸಬಹುದು.

7. ಜನನ ಪ್ರಮಾಣಪತ್ರ: ಆದೇಶದ ಆಧಾರದಲ್ಲಿ ದತ್ತು ತಂದೆತಾಯಿಯನ್ನೇ ತಂದೆತಾಯಿ ಎಂದು ನಮೂದಿಸಿದ ಜನನ ಪ್ರಮಾಣಪತ್ರ ದೊರೆಯುತ್ತದೆ. ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಇದೇ ಸಾಕು.

8. ಅನಂತರದ ಭೇಟಿ: ಎರಡು ವರ್ಷಗಳ ಕಾಲ ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಬಂದು ಮಗುವಿನ ಯೋಗಕ್ಷೇಮ ನೋಡುತ್ತಾರೆ.

ಆದೇಶವಾದ ದಿನದಿಂದ ಮಗು ಎಲ್ಲ ರೀತಿಯಲ್ಲಿಯೂ, ಆಸ್ತಿಯ ಉತ್ತರಾಧಿಕಾರವೂ ಸೇರಿ, ನಿಮ್ಮ ಸ್ವಂತ ಮಗು. ತಂದೆಯ ತಮ್ಮಂದಿರಾಗಲಿ ದಾಯಾದಿಗಳಾಗಲಿ ಇದನ್ನು ಪ್ರಶ್ನಿಸುವಂತಿಲ್ಲ.

ಖರ್ಚು ಎಷ್ಟು?

ದೇಶದೊಳಗಿನ ದತ್ತಿಗೆ ನಿಯಮದಲ್ಲಿ ನಿಗದಿಯಾಗಿರುವ ಮುಖ್ಯ ಶುಲ್ಕಗಳು: ಗೃಹ ಅಧ್ಯಯನಕ್ಕೆ 6,000 ರೂಪಾಯಿ, ದತ್ತು ಸಂಸ್ಥೆಯ ಮಕ್ಕಳ ಪಾಲನಾ ನಿಧಿಗೆ 50,000 ರೂಪಾಯಿ, ಅನಂತರದ ಪ್ರತಿ ಭೇಟಿಗೆ 2,000 ರೂಪಾಯಿ. ಇದಕ್ಕೆಲ್ಲ ರಶೀದಿ ಪಡೆಯಬೇಕು. ದತ್ತು ಸಂಸ್ಥೆಗೆ ದೇಣಿಗೆ ಕೊಡಬೇಕೆಂದು ಯಾರಾದರೂ ಒತ್ತಾಯಿಸಿದರೆ, ಅಥವಾ ಸರದಿ ಮುಂದೆ ತರಿಸಿಕೊಡುತ್ತೇವೆ ಎಂದು ಹಣ ಕೇಳಿದರೆ ಅದು ಅಕ್ರಮ. ಸರದಿ ಇರುವುದು ಕಂಪ್ಯೂಟರಿನಲ್ಲಿ. ಅದನ್ನು ಬದಲಾಯಿಸಲು ಯಾವ ಮಧ್ಯವರ್ತಿಗೂ ಸಾಧ್ಯವಿಲ್ಲ.

ಇಷ್ಟು ಕಾಯಬೇಕೇಕೆ?

2024-25ರಲ್ಲಿ ದೇಶದಲ್ಲಿ 4,515 ಮಕ್ಕಳ ದತ್ತು ನಡೆದಿದೆ. ಕೆಲವು ವರ್ಷಗಳಲ್ಲೇ ಇದು ಅತಿ ಹೆಚ್ಚು. ಆದರೆ ಕಾದಿರುವ ಕುಟುಂಬಗಳ ಸಂಖ್ಯೆ 30 ಸಾವಿರಕ್ಕೂ ಮಿಕ್ಕಿದೆ. ಹೀಗಾಗಿ ಆರೋಗ್ಯವಂತ ಎಳೆಗೂಸು ಬೇಕೆನ್ನುವವರು ಮೂರು ವರ್ಷಕ್ಕೂ ಹೆಚ್ಚು ಕಾಯಬೇಕಾಗುತ್ತದೆ.

ಇನ್ನೊಂದು ಮಗ್ಗುಲೂ ಇದೆ. ಆರೇಳು ವರ್ಷ ದಾಟಿದವರು, ಒಡಹುಟ್ಟಿದ ಇಬ್ಬರು ಮೂವರು ಜೊತೆಯಲ್ಲಿರುವವರು, ಕಿವುಡುತನ, ಹೃದಯದ ತೊಂದರೆ ಅಥವಾ ಬೆಳವಣಿಗೆಯ ಕೊರತೆ ಇರುವವರು ಮನೆ ಸಿಗದೆ ಉಳಿಯುತ್ತಾರೆ. ಒಂದೆಡೆ ಮಗುವಿಗಾಗಿ ಕಾಯುವ ಸಾವಿರಾರು ದಂಪತಿಗಳು, ಇನ್ನೊಂದೆಡೆ ತಂದೆತಾಯಿಗಾಗಿ ಕಾಯುವ ಈ ಮಕ್ಕಳು. ಇವರಲ್ಲಿ ಕೆಲವರ ತೊಂದರೆಗಳು ಶಸ್ತ್ರಚಿಕಿತ್ಸೆಯಿಂದ ಸರಿಹೋಗುವಂಥವು. ಎಲ್ಲರಿಗೂ ಇದು ಸಾಧ್ಯವೆಂದು ನಾವು ಹೇಳುವುದಿಲ್ಲ. ಕೇವಲ ಮರುಕದಿಂದ ಒಪ್ಪುವುದೂ ಸರಿಯಲ್ಲ. ಆದರೆ ಅರ್ಜಿಯಲ್ಲಿ 'ಎರಡು ವರ್ಷದೊಳಗೆ, ಆರೋಗ್ಯವಂತ' ಎಂದು ಗುರುತು ಹಾಕುವ ಮುನ್ನ ದಂಪತಿಗಳು ಒಂದು ಸಂಜೆ ಕುಳಿತು ಈ ಬಗ್ಗೆ ಮಾತನಾಡಿಕೊಳ್ಳಬಹುದು.

ಸಂಬಂಧಿಕರ ಮಗುವಾದರೆ

ಅಕ್ಕನ ಮಗುವನ್ನು ತಂಗಿ, ಅಣ್ಣನ ಮಗುವನ್ನು ತಮ್ಮ ಸಾಕಿಕೊಳ್ಳುವುದು ನಮ್ಮ ಕುಟುಂಬಗಳಲ್ಲಿ ಹಿಂದಿನಿಂದಲೂ ಇದೆ. ಇದಕ್ಕೂ ಈಗ ಕಾನೂನಿನ ದಾರಿಯಿದೆ. ಮಗುವಿನ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಸೋದರಮಾವ, ದೊಡ್ಡಮ್ಮ, ಚಿಕ್ಕಮ್ಮ ಮತ್ತು ಎರಡೂ ಕಡೆಯ ಅಜ್ಜ ಅಜ್ಜಿ ಇವರಷ್ಟೇ 'ಸಂಬಂಧಿಕರು'. ದೂರದ ಸಂಬಂಧ ಇದರಲ್ಲಿ ಸೇರುವುದಿಲ್ಲ. ಇಲ್ಲಿ ಸರದಿ ಕಾಯಬೇಕಾಗಿಲ್ಲ. ಆದರೆ ಆನ್‌ಲೈನ್ ನೋಂದಣಿ, ಹೆತ್ತವರ ಒಪ್ಪಿಗೆ, ಐದು ವರ್ಷ ಮೀರಿದ ಮಗುವಿನ ಒಪ್ಪಿಗೆ ಮತ್ತು ಜಿಲ್ಲಾಧಿಕಾರಿಗಳ ಆದೇಶ ಇಷ್ಟೂ ಬೇಕು. ಹೆತ್ತವರು ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದಿದ್ದರೆ ಮಕ್ಕಳ ಕಲ್ಯಾಣ ಸಮಿತಿಯ ಅನುಮತಿ ಪಡೆಯಬೇಕು. "ನಮ್ಮೊಳಗೇ ತಾನೆ" ಎಂದು ಬಿಟ್ಟುಬಿಟ್ಟರೆ ಮುಂದೆ ಪಾಸ್‌ಪೋರ್ಟ್ ಮಾಡಿಸುವಾಗ ಅಥವಾ ಆಸ್ತಿ ಪಾಲಾಗುವಾಗ ಸಮಸ್ಯೆ ಏಳುತ್ತದೆ.

ಕೊಲ್ಲಿ ದೇಶಗಳಲ್ಲಿರುವವರಿಗೆ

ಅನಿವಾಸಿ ಭಾರತೀಯರಿಗೆ ಸರದಿಯಲ್ಲಿ ಇಲ್ಲಿ ವಾಸಿಸುವವರಷ್ಟೇ ಆದ್ಯತೆಯಿದೆ. ಅವರು ವಾಸಿಸುವ ದೇಶದ ಮಾನ್ಯತೆ ಪಡೆದ ದತ್ತು ಸಂಸ್ಥೆ ಅಥವಾ ಅಲ್ಲಿನ ಕೇಂದ್ರೀಯ ಪ್ರಾಧಿಕಾರದ ಮೂಲಕ ಅರ್ಜಿ ಸಲ್ಲಿಸಬೇಕು. ಕೊಲ್ಲಿಯಂತೆ ಅಂತಹ ವ್ಯವಸ್ಥೆ ಇಲ್ಲದ ಕಡೆ ಭಾರತೀಯ ರಾಯಭಾರ ಕಚೇರಿಯನ್ನು ಸಂಪರ್ಕಿಸಬೇಕು. ಮಗುವನ್ನು ದೇಶದಿಂದ ಹೊರಗೆ ಕರೆದೊಯ್ಯಲು ಕಾರಾದ ನಿರಾಕ್ಷೇಪಣಾ ಪತ್ರ ಕಡ್ಡಾಯ. ತಾವು ದುಡಿಯುವ ದೇಶದಲ್ಲಿ ದತ್ತು ಮಗುವಿಗೆ ಕುಟುಂಬ ವೀಸಾ ಸಿಗುವುದೇ ಎಂಬುದನ್ನು ಮೊದಲೇ ವಿಚಾರಿಸಬೇಕು. ರಜೆಯಲ್ಲಿ ಊರಿಗೆ ಬಂದ ಒಂದೆರಡು ತಿಂಗಳಲ್ಲಿ ಎಲ್ಲ ಮುಗಿಸಿ ಮಗುವಿನೊಂದಿಗೆ ವಿಮಾನ ಹತ್ತಬಹುದೆಂದು ಯಾರೂ ಭಾವಿಸಬಾರದು. ಊರಿನ ವಿಳಾಸ ಕೊಟ್ಟು ನಿವಾಸಿಗಳೆಂದು ನೋಂದಾಯಿಸಿಕೊಳ್ಳುವ ಸಲಹೆಯನ್ನೂ ಕೇಳಬಾರದು.

ಜ್ಞಾನಸ್ನಾನ ಮತ್ತು ಚರ್ಚಿನ ದಾಖಲೆ

ನಾಗರಿಕ ಕಾನೂನಿನಂತೆ ದತ್ತು ಪಡೆದ ಮಗುವನ್ನು ಧರ್ಮಸಭೆಯೂ ಆ ತಂದೆತಾಯಿಯ ಮಗುವೆಂದೇ ಮನ್ನಿಸುತ್ತದೆ (ಧರ್ಮಸಭೆಯ ಕಾನೂನು 110). ಅಂದರೆ ಇಲ್ಲಿಯೂ ಆಧಾರ ಜಿಲ್ಲಾಧಿಕಾರಿಗಳ ಆದೇಶವೇ. ಮಗು ಮನೆಗೆ ಬಂದ ಸಂತೋಷದಲ್ಲಿ ಮುಂದಿನ ಆದಿತ್ಯವಾರವೇ ಜ್ಞಾನಸ್ನಾನ ಮಾಡಿಸಲು ಕೆಲವರು ಆತುರಪಡುತ್ತಾರೆ. ಜ್ಞಾನಸ್ನಾನಕ್ಕೆ ತಂದೆತಾಯಿಯ ಅಥವಾ ನ್ಯಾಯಬದ್ಧವಾಗಿ ಅವರ ಸ್ಥಾನದಲ್ಲಿರುವವರ ಒಪ್ಪಿಗೆ ಬೇಕು (868). ದತ್ತು ಪೂರ್ವ ಪೋಷಣೆಯ ಅವಧಿಯಲ್ಲಿ ನೀವು ಇನ್ನೂ ತಂದೆತಾಯಿಯಾಗಿಲ್ಲ. ಆದುದರಿಂದ ಪ್ರಾಣಾಪಾಯದ ಸಂದರ್ಭವನ್ನು ಬಿಟ್ಟು ಆದೇಶ ಬರುವವರೆಗೆ ಕಾಯುವುದೇ ಸರಿ. ಏಳು ವರ್ಷ ತುಂಬಿ ತಿಳುವಳಿಕೆ ಬಂದ ಮಗುವಾದರೆ ಅದರ ಸ್ವಂತ ಇಚ್ಛೆ ಮತ್ತು ಸಿದ್ಧತೆ ಅಗತ್ಯ (852). ಅದಾಗಲೇ ಬೇರೆ ವಿಶ್ವಾಸದಲ್ಲಿ ಬೆಳೆದ ಮಗುವಿನ ಮನಸ್ಸನ್ನು ಅವಸರಪಡಿಸಬಾರದು.

ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ದತ್ತು ತಂದೆತಾಯಿಯ ಹೆಸರು ಬರೆಯಬೇಕು. ಹೆತ್ತವರ ಹೆಸರು ಬರೆಯುವ ವಿಷಯದಲ್ಲಿ ನಾಗರಿಕ ದಾಖಲೆಯ ಕ್ರಮವನ್ನೂ ಧರ್ಮಾಧ್ಯಕ್ಷರ ಮಂಡಳಿಯ ನಿಯಮವನ್ನೂ ಅನುಸರಿಸಬೇಕೆಂದು 877ನೇ ಕಾನೂನು ಹೇಳುತ್ತದೆ. ಸಂದೇಹವಿದ್ದರೆ ಧರ್ಮಪ್ರಾಂತ್ಯದ ಕಚೇರಿಯನ್ನು ಕೇಳುವುದು ಉತ್ತಮ. ಮುಂದೆ ಶಾಲೆಗೋ ಮದುವೆಗೋ ಪ್ರಮಾಣಪತ್ರ ಕೊಡುವಾಗ ಬದಿಯಲ್ಲಿ 'ದತ್ತು' ಎಂದು ಗೀಚಿ ಮಗುವಿನ ಗುಟ್ಟನ್ನು ಬಯಲು ಮಾಡುವಂತಾಗಬಾರದು. ಮಗುವಿನ ಹಿಂದಿನ ಜ್ಞಾನಸ್ನಾನದ ಬಗ್ಗೆ ವಿಚಾರಿಸಿದ ಮೇಲೂ ಅನುಮಾನ ಉಳಿದರೆ ಷರತ್ತುಬದ್ಧವಾಗಿ ಜ್ಞಾನಸ್ನಾನ ಕೊಡುವ ಕ್ರಮವಿದೆ (869). ದತ್ತಿನಿಂದ ಉಂಟಾದ ಸಂಬಂಧದಲ್ಲಿಯೂ, ಅಂದರೆ ದತ್ತು ತಂದೆ ಮಗಳು ಅಥವಾ ದತ್ತಿನಿಂದಾದ ಅಣ್ಣ ತಂಗಿಯ ನಡುವೆ, ವಿವಾಹ ಸಿಂಧುವಲ್ಲ (1094).

ಧರ್ಮಕೇಂದ್ರದ ಸೇವಕರ ಗಮನಕ್ಕೆ

ಧರ್ಮಗುರುಗಳು, ಧರ್ಮಭಗಿನಿಯರು, ವಾಳೆಯ ಗುರಿಕಾರರು, ಸ್ತ್ರೀ ಸಂಘಟನೆಯ ಸದಸ್ಯೆಯರು ಇಂತಹ ವಿಷಯಗಳನ್ನು ಮೊದಲು ಕೇಳುವವರು. ಚರ್ಚಿನ ಜಗಲಿಯಲ್ಲಿ ಮಗುವೊಂದು ಸಿಕ್ಕರೆ, ಮದುವೆಯಾಗದ ತಾಯಿಯೊಬ್ಬಳು ಸಹಾಯ ಕೋರಿ ಬಂದರೆ ಏನು ಮಾಡಬೇಕು?

ಸಿಕ್ಕಿದ ಮಗುವಿಗೆ ಮೊದಲು ವೈದ್ಯಕೀಯ ಆರೈಕೆ ಆಗಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ 1098 ಮಕ್ಕಳ ಸಹಾಯವಾಣಿಗೆ, ಪೊಲೀಸರಿಗೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ತಿಳಿಸದಿರುವುದೇ ಅಪರಾಧ. ಆರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಸಹಾಯ ಕೋರಿ ಬಂದ ತಾಯಿಯನ್ನು ಗದರಿಸದೆ, ಆಕೆಯ ಹೆಸರನ್ನು ಯಾರಿಗೂ ಹೇಳದೆ ಸಮಿತಿಯ ಬಳಿಗೆ ಕರೆದೊಯ್ಯಬೇಕು. ಮಗುವನ್ನು ಒಪ್ಪಿಸಲು ಆಕೆಗೆ ಕಾನೂನುಬದ್ಧ ಮತ್ತು ಗುಪ್ತವಾದ ದಾರಿಯಿದೆ. ತಾನೇ ಸಾಕಬೇಕೆಂಬ ಮನಸ್ಸಿದ್ದರೆ ಅದಕ್ಕೆ ನೆರವಾಗುವುದು ನಮ್ಮ ಮೊದಲ ಕರ್ತವ್ಯ. ಬಡತನದಿಂದಾಗಿ ಮಾತ್ರ ತಾಯಿ ಮಗು ಅಗಲುವಂತಾದರೆ ಅದು ಇಡೀ ಧರ್ಮಕೇಂದ್ರಕ್ಕೆ ಸೇರಿದ ಹೊಣೆ.

"ಒಳ್ಳೆಯ ಕುಟುಂಬ, ಮಗು ಸುಖವಾಗಿರುತ್ತದೆ" ಎಂದು ಆ ಮಗುವನ್ನು ನೇರವಾಗಿ ಯಾರಿಗಾದರೂ ಕೊಡಿಸುವುದು, ಹೆರಿಗೆಯ ದಾಖಲೆಯಲ್ಲೇ ಬೇರೆ ತಾಯಿಯ ಹೆಸರು ಬರೆಸುವುದು ಎಷ್ಟೇ ಒಳ್ಳೆಯ ಉದ್ದೇಶದಿಂದಾದರೂ ಅಪರಾಧವೇ. ಕಾನೂನು ಮೀರಿ ದತ್ತು ಕೊಟ್ಟವರಿಗೂ ಪಡೆದವರಿಗೂ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಹಣ ಕೈಬದಲಾಯಿಸಿದರೆ ಅದು ಮಗುವಿನ ಮಾರಾಟ. ಐದು ವರ್ಷಗಳವರೆಗೆ ಕಠಿಣ ಸಜೆ, ಆಸ್ಪತ್ರೆ ಸಿಬ್ಬಂದಿಯಾದರೆ ಮೂರರಿಂದ ಏಳು ವರ್ಷ. ಶಿಕ್ಷೆಗಿಂತಲೂ ದೊಡ್ಡ ನಷ್ಟ ಮಗುವಿನದು. ನಾಲ್ಕೈದು ವರ್ಷ 'ಅಮ್ಮ' ಎಂದು ಕರೆದವಳ ಮಡಿಲಿನಿಂದ ಒಂದು ದಿನ ಅಧಿಕಾರಿಗಳು ಅದನ್ನು ಕರೆದೊಯ್ಯುವ ಪರಿಸ್ಥಿತಿ ಬಂದೀತು.

ಹಿಂದೆ ಪೋಷಕತ್ವದ ಆಧಾರದಲ್ಲಿ ಮಕ್ಕಳನ್ನು ಸಾಕಿದ ಹಿರಿಯರು ಅನೇಕ ಧರ್ಮಕೇಂದ್ರಗಳಲ್ಲಿ ಇದ್ದಾರೆ. ಆ ಮಕ್ಕಳು ಈಗ ದೊಡ್ಡವರಾಗಿರುತ್ತಾರೆ. ಅಂಥ ತಂದೆತಾಯಿಗಳು ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಸ್ಪಷ್ಟವಾದ ಉಯಿಲು ಬರೆದಿಡುವಂತೆ ಧರ್ಮಗುರುಗಳು ನೆನಪಿಸಿದರೆ ಮುಂದೆ ಬರಬಹುದಾದ ವ್ಯಾಜ್ಯ ತಪ್ಪುತ್ತದೆ.

ಮಗುವಿಗೆ ಸತ್ಯ ತಿಳಿಸುವುದು

ದತ್ತಿನ ವಿಷಯವನ್ನು ಮುಚ್ಚಿಡುವುದೇ ಮಗುವಿಗೆ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ನಮ್ಮ ಊರುಗಳಲ್ಲಿ ಇಂತಹ ಗುಟ್ಟು ಉಳಿಯುವುದಿಲ್ಲ. ಮದುವೆ ಮನೆಯಲ್ಲೋ ಆಸ್ತಿ ಜಗಳದಲ್ಲೋ ಯಾರದೋ ಬಾಯಿಂದ ಹೊರಬೀಳುತ್ತದೆ. ಹದಿನಾರು ಹದಿನೇಳರ ಪ್ರಾಯದಲ್ಲಿ ಹೊರಗಿನವರಿಂದ ಕೇಳಿದ ಮಗುವಿಗೆ ನೋವಾಗುವುದು ದತ್ತಿನಿಂದಲ್ಲ, ಇಷ್ಟು ದಿನ ತನ್ನಿಂದ ಮುಚ್ಚಿಟ್ಟರಲ್ಲಾ ಎಂಬುದರಿಂದ. ಆದುದರಿಂದ ಮೂರು ನಾಲ್ಕು ವರ್ಷದಿಂದಲೇ ಕಥೆಯ ರೂಪದಲ್ಲಿ, ಪ್ರೀತಿಯಿಂದ, ಸ್ವಲ್ಪ ಸ್ವಲ್ಪವಾಗಿ ಹೇಳುತ್ತಾ ಬರುವುದು ಒಳ್ಳೆಯದು. ತನ್ನ ಮೂಲವನ್ನು ತಿಳಿಯುವ ಹಕ್ಕು ಮಗುವಿಗಿದೆ. 18 ವರ್ಷ ತುಂಬಿದ ಮೇಲೆ ಸ್ವತಃ, ಅದಕ್ಕೆ ಮೊದಲು ದತ್ತು ತಂದೆತಾಯಿಯ ಜೊತೆಗೂಡಿ ಅರ್ಜಿ ಸಲ್ಲಿಸಬಹುದು.

ನೆರೆಕರೆಯವರಿಗೂ ಒಂದು ಮಾತು. "ನಿಜವಾದ ತಂದೆತಾಯಿ ಯಾರು?", "ಸ್ವಂತದ್ದು ಆಗಲಿಲ್ಲವೇ?" ಎಂಬ ಪ್ರಶ್ನೆಗಳನ್ನು ಮಗುವಿನ ಮುಂದೆ ಕೇಳಬೇಡಿ. ಸಾಕಿದವರೇ ನಿಜವಾದ ತಂದೆತಾಯಿ. ಯೇಸುವನ್ನು ಎಲ್ಲರೂ 'ಜೋಸೆಫನ ಮಗ'ನೆಂದೇ ಕರೆದಿದ್ದರು ಎಂಬುದನ್ನು ಕ್ರೈಸ್ತರಾದ ನಾವು ಮರೆಯಬಾರದು.

ದತ್ತು ಪಡೆಯಬಯಸುವವರು ಈ ವಾರವೇ ಮಾಡಬಹುದಾದ ಕೆಲಸ ಮೂರು: ಗಂಡ ಹೆಂಡತಿ ಮನಸ್ಸು ಬಿಚ್ಚಿ ಮಾತನಾಡುವುದು, ದಾಖಲೆಗಳಲ್ಲಿ ಹೆಸರು ಸರಿಯಿದೆಯೇ ಎಂದು ನೋಡುವುದು, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಒಮ್ಮೆ ಭೇಟಿ ಕೊಡುವುದು. ನೋಂದಣಿಯಾದ ದಿನದಿಂದ ಸರದಿ ಮುಂದೆ ಸಾಗುತ್ತದೆ. ಕಾಯುವ ಈ ವರ್ಷಗಳಲ್ಲಿ ಅವರಿಗೆ ಧೈರ್ಯ ಹೇಳುತ್ತಾ ಜೊತೆಗಿರುವುದು ಧರ್ಮಕೇಂದ್ರದ ಕೆಲಸ.